ನಿಮ್ಮ ನಕ್ಷತ್ರ ಯಾವುದು? ನೋಡಿದ್ದೀರಾ?

ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಅರ್ಚಕರು ಕೇಳಿದ ತಕ್ಷಣ ನಾವೆಲ್ಲ ಥಟ್ ಅಂತ ಹೇಳ್ತೀವಿ: ಹೆಸರು, ಗೋತ್ರ, ರಾಶಿ, ನಕ್ಷತ್ರ. ಗೋತ್ರ ಮರೆತವರಿಗೂ ನಕ್ಷತ್ರ ಮಾತ್ರ ನೆನಪಿರುತ್ತೆ. ರೋಹಿಣಿ, ಮೃಗಶಿರ, ಪುನರ್ವಸು, ಮಖೆ. ಆದರೆ ಅದೇ ಅರ್ಚಕರು "ಸರಿಯಪ್ಪ, ನಿನ್ನ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ, ಒಂದ್ಸಲ ತೋರಿಸು" ಅಂದುಬಿಟ್ಟರೆ ಬೆರಳು ಯಾವ ಕಡೆ ಎತ್ತಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಕ್ಲಾಸಲ್ಲಿ ಕೇಳಿ ನೋಡಿದೆ. ನಕ್ಷತ್ರದ ಹೆಸರು ಹೇಳಿದವರು ತುಂಬ ಜನ, ತೋರಿಸ್ತೀನಿ ಅಂದವರು ಒಬ್ಬರೂ ಇಲ್ಲ.

ನನ್ನ ಮಾತು ಇಷ್ಟೇ. ನಕ್ಷತ್ರದ ಹೆಸರುಗಳು ನಮ್ಮ ನಾಲಿಗೆ ಮೇಲೆ ಉಳಿದುಕೊಂಡಿವೆ, ಕಣ್ಣಿಂದ ಮರೆಯಾಗಿವೆ. ಈ ವಾರ, ಅಂದರೆ 2025ರ ಡಿಸೆಂಬರ್ 13ರ ಶನಿವಾರದಿಂದ 20ರ ಶನಿವಾರದವರೆಗೆ, ಆ ಹೆಸರುಗಳನ್ನೂ ಚುಕ್ಕಿಗಳನ್ನೂ ಜೋಡಿಸಿಕೊಳ್ಳೋಕೆ ಒಳ್ಳೆ ಸಮಯ. ಇದಕ್ಕೆ ಟೆಲಿಸ್ಕೋಪ್ ಬೇಡ, ಆ್ಯಪ್ ಕೂಡ ಬೇಡ. ಬೇಕಾಗಿರೋದು ಎರಡೇ: ಸ್ವಲ್ಪ ಕತ್ತಲೆ, ಮತ್ತೆ ಬೀಗ ಹಾಕದ ಒಂದು ಟೆರೇಸ್. ಎರಡೂ ಅಂದುಕೊಂಡಷ್ಟು ಸುಲಭವಾಗಿ ಸಿಗಲ್ಲ. ಅದಕ್ಕೇ ಈ ಲೇಖನ.

ಅಜ್ಜಿಯ ರೋಣಿ, ನನ್ನ ಆಲ್ಡೆಬರಾನ್

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಸ್ಕೂಲಲ್ಲಿ ಓರಿಯನ್, ಟಾರಸ್, ಬೀಟಲ್‌ಜೂಸ್ ಎಲ್ಲ ಬಾಯಿಪಾಠ ಮಾಡಿದ್ದೆ. ಅರಕಲಗೂಡು ಕಡೆ ಇರುವ ನನ್ನ ಅಜ್ಜಿಗೆ ಆ ಹೆಸರು ಒಂದೂ ಗೊತ್ತಿಲ್ಲ. ಆದರೆ ಅವರು ವರ್ಷವನ್ನ ಅಳೆಯೋದೇ ನಕ್ಷತ್ರದಲ್ಲಿ. ಕಿರುತಿಕೆ ಮಳೆ, ರೋಣಿ ಮಳೆ, ಮುಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಮಗೆ, ಉಬ್ಬೆ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು, ಯಾವ ಮಳೆ ಕೈಕೊಟ್ಟರೆ ರಾಗಿ ಕಥೆ ಮುಗೀತು, ಎಲ್ಲ ಅದರಲ್ಲೇ ಲೆಕ್ಕ. ಭರಣಿಗೆ ಧರಣಿ ಅಂತ ಪ್ರಾಸ ಕಟ್ಟಿದ ಗಾದೆ ಹಳೇ ಮೈಸೂರು ಕಡೆ ಕೇಳದವರು ಯಾರು? ಗೋಡೆ ಮೇಲಿನ ಕ್ಯಾಲೆಂಡರಲ್ಲಿ, ಒಂಟಿಕೊಪ್ಪಲ್ ಪಂಚಾಂಗದಲ್ಲಿ ಮಳೆ ನಕ್ಷತ್ರಗಳ ದಿನಾಂಕ ಈಗಲೂ ಅಚ್ಚಾಗುತ್ತೆ.

ಒಂದು ಸಲ ಅಜ್ಜಿಯನ್ನೇ ಕೇಳಿದೆ, "ಅಜ್ಜಿ, ರೋಣಿ ಅನ್ನೋ ಚುಕ್ಕಿ ನೋಡಿದ್ದೀಯಾ?" ಅಂತ. "ರೋಣಿ ಅಂದ್ರೆ ಮಳೆ ಕಣವ್ವ, ಅದನ್ನ ಚುಕ್ಕಿ ಅಂತ ಯಾರು ಹುಡುಕ್ತಾರೆ" ಅಂದರು.

ಅಂದರೆ ನೋಡಿ, ನನಗೆ ಚುಕ್ಕಿ ಗೊತ್ತು, ಅದರ ಕನ್ನಡದ ಹೆಸರು ಗೊತ್ತಿರಲಿಲ್ಲ. ಅಜ್ಜಿಗೆ ಹೆಸರು ಗೊತ್ತು, ಚುಕ್ಕಿ ಗೊತ್ತಿಲ್ಲ. ನಾನು ಪರೀಕ್ಷೆಗೆ ಬರೆದ ಆಲ್ಡೆಬರಾನೂ ಅಜ್ಜಿ ಬಿತ್ತನೆಗೆ ಕಾಯೋ ರೋಹಿಣಿಯೂ ಒಂದೇ ನಕ್ಷತ್ರ. ಬೀಟಲ್‌ಜೂಸ್ ಅಂದರೆ ಆರಿದ್ರಾ. ಕ್ಯಾಸ್ಟರ್, ಪೊಲಕ್ಸ್ ಅನ್ನೋ ಜೋಡಿ ನಮ್ಮ ಪುನರ್ವಸು. ರೆಗ್ಯುಲಸ್ ಅಂದರೆ ಮಖೆ. ಒಂದೇ ಮನೆಯಲ್ಲಿ ಇಬ್ಬರ ಹತ್ತಿರ ಅರ್ಧರ್ಧ ಚೀಟಿ ಇದ್ದ ಹಾಗೆ ಇದು. ಎರಡನ್ನೂ ಸೇರಿಸಿ ಓದಿದವರು ಇಲ್ಲ, ಅಷ್ಟೇ.

ಮಳೆ ನಕ್ಷತ್ರ ಮಳೆಯಲ್ಲಿ ಯಾಕೆ ಕಾಣಲ್ಲ?

ಅಜ್ಜಿ ಚುಕ್ಕಿ ನೋಡದೇ ಇರೋಕೆ ಒಳ್ಳೆ ಕಾರಣ ಇದೆ. ಇದು ನಮ್ಮ ಸೆಕೆಂಡ್ ಇಯರ್ ಗಣಿತಕ್ಕಿಂತ ಸುಲಭ, ನೋಡಿ.

ಸೂರ್ಯ, ಚಂದ್ರ ಆಕಾಶದಲ್ಲಿ ಸಾಗೋ ದಾರಿ ಪೂರ್ತಿ ಒಂದು ಸುತ್ತು, 360 ಡಿಗ್ರಿ. ಅದನ್ನ 27 ಪಾಲು ಮಾಡಿದರೆ ಒಂದೊಂದು ಪಾಲು 13 ಡಿಗ್ರಿ 20 ಮಿನಿಟ್. ಒಂದೊಂದು ಪಾಲಿಗೆ ಅಲ್ಲಿರುವ ಒಂದು ಚುಕ್ಕಿಯದೋ ಚುಕ್ಕಿ ಗುಂಪಿನದೋ ಹೆಸರು. ಚಂದ್ರ ಒಂದು ಸುತ್ತು ಹಾಕೋಕೆ ಸುಮಾರು 27 ದಿನ ತಗೊಳ್ಳೋದರಿಂದ ದಿನಕ್ಕೊಂದು ನಕ್ಷತ್ರ. ನೀವು ಹುಟ್ಟಿದ ಹೊತ್ತಲ್ಲಿ ಚಂದ್ರ ಯಾವ ಪಾಲಿನಲ್ಲಿದ್ದನೋ ಅದೇ ನಿಮ್ಮ ಜನ್ಮ ನಕ್ಷತ್ರ. ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಇರುವ ತಿಂಗಳು ಕಾರ್ತಿಕ, ಮೃಗಶಿರದ ಹತ್ತಿರ ಇರುವ ತಿಂಗಳು ಮಾರ್ಗಶಿರ. ಸೂರ್ಯನಿಗೆ ಅದೇ ಸುತ್ತಿಗೆ ಒಂದು ವರ್ಷ ಬೇಕು. ಹಾಗಾಗಿ ಒಂದೊಂದು ಪಾಲಿನಲ್ಲಿ ಸೂರ್ಯ 13-14 ದಿನ ಇರ್ತಾನೆ. ಮಳೆ ನಕ್ಷತ್ರ ಅನ್ನೋದು ಇದೇ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬರ್ತಾನೆ, ಜೂನ್ 8ರ ಸುಮಾರಿಗೆ ಮೃಗಶಿರಕ್ಕೆ ಹೋಗ್ತಾನೆ.

ಈಗ ಯೋಚನೆ ಮಾಡಿ. ರೋಹಿಣಿ ಮಳೆ ಅಂದರೆ ಸೂರ್ಯನೇ ರೋಹಿಣಿಯ ಪಕ್ಕ ನಿಂತಿದ್ದಾನೆ ಅಂತ ಅರ್ಥ. ಹಗಲು ಹೊತ್ತು ಸೂರ್ಯನ ಪಕ್ಕದ ಚುಕ್ಕಿ ಯಾರಿಗೆ ಕಾಣುತ್ತೆ? ಜೊತೆಗೆ ಮೋಡ ಬೇರೆ. ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣಲ್ಲ, ಆರಿದ್ರಾ ಮಳೆಯಲ್ಲಿ ಆರಿದ್ರಾ ಕಾಣಲ್ಲ. ಅವುಗಳನ್ನ ನೋಡಬೇಕು ಅಂದರೆ ಆರು ತಿಂಗಳು ಕಾಯಬೇಕು, ಸೂರ್ಯ ಆಕಾಶದ ಎದುರು ದಿಕ್ಕಿಗೆ ಹೋಗೋವರೆಗೆ.

ಆ ಆರು ತಿಂಗಳು ಈಗ ಆಗಿದೆ. ಮುಂಗಾರಿನ ಇಡೀ ಸಾಲು ಡಿಸೆಂಬರ್ ರಾತ್ರಿ ಒಂದರ ಹಿಂದೆ ಒಂದು ನಮ್ಮ ತಲೆ ಮೇಲೆ ಹಾದು ಹೋಗುತ್ತೆ. ಮೇ ತಿಂಗಳಿಂದ ಆಗಸ್ಟ್‌ವರೆಗಿನ ಮಳೆಗಾಲವನ್ನ ಒಂದೇ ರಾತ್ರಿಯಲ್ಲಿ ನೋಡಿಬಿಡಬಹುದು. ಮಳೆ ಇಲ್ಲದೆ, ಛತ್ರಿ ಇಲ್ಲದೆ.

ರಾತ್ರಿ ಹತ್ತಕ್ಕೆ ಹೀಗೆ ನೋಡಿ

ಸರಿಯಾಗಿ 10 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಕತ್ತು ಚೆನ್ನಾಗಿ ಮೇಲಕ್ಕೆತ್ತಿ. ಬಹುತೇಕ ನೆತ್ತಿ ಮೇಲೆ ಚಿಕ್ಕ ಚುಕ್ಕಿಗಳ ಒಂದು ಗೊಂಚಲು ಕಾಣುತ್ತೆ, ರಂಗೋಲಿ ಹಿಟ್ಟು ಒಂದು ಚಿಟಿಕೆ ಚೆಲ್ಲಿದ ಹಾಗೆ. ಅದು ಕೃತ್ತಿಕೆ. ಆರೋ ಏಳೋ ಎಣಿಸೋಕೆ ಆದರೆ ನಿಮ್ಮ ಕಣ್ಣೂ ಚೆನ್ನಾಗಿದೆ, ನಿಮ್ಮೂರಿನ ಕತ್ತಲೂ ಚೆನ್ನಾಗಿದೆ ಅಂತ ಅರ್ಥ. ಬರೀ ಒಂದು ಮಂಜಿನ ಮಚ್ಚೆ ಕಂಡರೆ ಲೈಟ್ ಜಾಸ್ತಿ ಇದೆ ಅಂತ.

ಅಲ್ಲಿಂದ ಸ್ವಲ್ಪ ಕೆಳಗೆ ಇಳಿಯಿರಿ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ದಪ್ಪ ಚುಕ್ಕಿ. ಅದೇ ರೋಹಿಣಿ. ಅದು 65 ಜ್ಯೋತಿರ್ವರ್ಷ ದೂರ ಇದೆ. ಅಂದರೆ ಈ ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಿದ್ದು 1960ರ ಸುಮಾರಿಗೆ. ಆಗ ಗೊರೂರಿನ ಹೇಮಾವತಿ ಡ್ಯಾಂ ಇನ್ನೂ ಇರಲಿಲ್ಲ, ಅದು ಮುಗಿದಿದ್ದು 1979ರಲ್ಲಿ.

ಇನ್ನೂ ಕೆಳಗೆ, ಒಂದೇ ಸಾಲಲ್ಲಿ ಸಮ ಅಂತರದ ಮೂರು ಚುಕ್ಕಿ ಇದೆ. ಇದನ್ನ ನೀವು ಖಂಡಿತ ನೋಡಿರ್ತೀರ, ಹೆಸರು ಗೊತ್ತಿಲ್ಲದೆ. ಅದು ಓರಿಯನ್ ಬೆಲ್ಟು. ಆ ಮೂರು ಚುಕ್ಕಿಯ ಎಡಕ್ಕಿರೋ ಕೆಂಪು ಚುಕ್ಕಿ ಆರಿದ್ರಾ. ಆರಿದ್ರಾದಿಂದ ಸ್ವಲ್ಪ ಮೇಲೆ ಮಂಕಾಗಿ ಮೂರು ಸಣ್ಣ ಚುಕ್ಕಿ ಒತ್ತೊತ್ತಾಗಿ ಇದೆಯಲ್ಲ, ಅದು ಮೃಗಶಿರ. ಈ ಆರಿದ್ರಾ 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಇದ್ದಕ್ಕಿದ್ದ ಹಾಗೆ ಮಂಕಾಗಿ, ಸಿಡಿದೇ ಹೋಗುತ್ತೇನೋ ಅಂತ ಪ್ರಪಂಚದ ವಿಜ್ಞಾನಿಗಳೆಲ್ಲ ಕಾದು ಕೂತಿದ್ದರು. ಆಮೇಲೆ ನೋಡಿದರೆ ಅದು ತಾನೇ ಉಗುಳಿದ ಧೂಳು ಅಡ್ಡ ಬಂದಿತ್ತು. ಆಗ ನಾನು ಏಳನೇ ಕ್ಲಾಸು. ಆ ಸುದ್ದಿಯಲ್ಲಿದ್ದ ಬೀಟಲ್‌ಜೂಸ್ ನಮ್ಮ ಆರಿದ್ರಾ ಮಳೆಯ ಆರಿದ್ರಾನೇ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ.

ಈಗ ಈಶಾನ್ಯಕ್ಕೆ ತಿರುಗಿ. ದಿಗಂತದಿಂದ ಸ್ವಲ್ಪ ಮೇಲೆ, ಮಿನುಗದೆ ಸ್ಥಿರವಾಗಿ ಹೊಳೆಯೋದು ಗುರು ಗ್ರಹ. ಎಂಟೂಕಾಲರ ಸುಮಾರಿಗೆ ಹುಟ್ಟುತ್ತೆ. ಅದರ ಎಡಗಡೆ ಇರೋ ಎರಡು ಚುಕ್ಕಿಗಳ ಜೋಡಿಯೇ ಪುನರ್ವಸು. ಗುರು ವರ್ಷಕ್ಕೆ ಸುಮಾರು ಒಂದು ರಾಶಿ ದಾಟೋದರಿಂದ ಪುನರ್ವಸುವಿಗೆ ಇಷ್ಟು ಸುಲಭದ ಗುರುತು ಮುಂದಿನ ಡಿಸೆಂಬರಲ್ಲಿ ಸಿಗಲ್ಲ. ಹನ್ನೊಂದೂವರೆ ತನಕ ನಿದ್ದೆ ತಡೆದರೆ ಪೂರ್ವದಲ್ಲಿ ಮಖೆಯೂ ಮೇಲೆ ಬಂದಿರುತ್ತೆ.

ಇನ್ನೊಂದು ಹೇಳಲೇಬೇಕು. ಆಗ್ನೇಯಕ್ಕೆ ನೋಡಿದರೆ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ ಸಿರಿಯಸ್ ಕಾಣುತ್ತೆ. ಅದಕ್ಕೂ ಬಲಕ್ಕೆ, ತೀರಾ ಕೆಳಗೆ ಇರೋದು ಅಗಸ್ತ್ಯ ನಕ್ಷತ್ರ. ಹೊಳಪಿನಲ್ಲಿ ಸಿರಿಯಸ್ ಬಿಟ್ಟರೆ ಎರಡನೇ ಸ್ಥಾನ ಅದರದ್ದೇ. ಲಂಡನ್ನಿನಲ್ಲಿರೋ ಜನಕ್ಕೆ ಅದು ಹುಟ್ಟೋದೇ ಇಲ್ಲ. ನಮಗೆ ರಾತ್ರಿ ಒಂದು ಗಂಟೆ ಸುಮಾರಿಗೆ ದಕ್ಷಿಣದಲ್ಲಿ 24 ಡಿಗ್ರಿ ಎತ್ತರಕ್ಕೆ ಬರುತ್ತೆ. ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದ ಋಷಿಯ ಹೆಸರನ್ನ ದಕ್ಷಿಣದ ಚುಕ್ಕಿಗೆ ಯಾಕೆ ಇಟ್ಟರು ಅಂತ ಅದನ್ನ ನೋಡಿದರೆ ತಾನಾಗೇ ಗೊತ್ತಾಗುತ್ತೆ.

ಉಲ್ಕೆಗಳ ರಾತ್ರಿ ಯಾವುದು?

ವಾರದ ದೊಡ್ಡ ಕಾರ್ಯಕ್ರಮ ಜೆಮಿನಿಡ್ ಉಲ್ಕಾಪಾತ. ಈ ವರ್ಷ ಅದರ ತುತ್ತತುದಿ 14ರ ಭಾನುವಾರ ಮಧ್ಯಾಹ್ನ ಬರುತ್ತೆ, ಹಗಲಲ್ಲಿ. ಹಾಗಾಗಿ ನಮಗೆ 13ರ ರಾತ್ರಿ, 14ರ ರಾತ್ರಿ ಎರಡೂ ಒಂದೇ ಥರ ಒಳ್ಳೆಯವು. 13 ಎರಡನೇ ಶನಿವಾರ ಬೇರೆ. ಚಂದ್ರ ಹುಟ್ಟೋದು ರಾತ್ರಿ ಒಂದೂವರೆ ದಾಟಿದ ಮೇಲೆ, ಅದೂ ಮೂರನೇ ಒಂದು ಭಾಗದಷ್ಟೇ. ಅಲ್ಲಿಯವರೆಗೆ ಆಕಾಶ ಪೂರ್ತಿ ನಮ್ಮದೇ.

ಉಲ್ಕೆ ಅಂದರೆ ನಕ್ಷತ್ರ ಕಳಚಿ ಬೀಳೋದಲ್ಲ. ಫೇತಾನ್ ಅನ್ನೋ ಕ್ಷುದ್ರಗ್ರಹ ದಾರಿಯಲ್ಲಿ ಬಿಟ್ಟು ಹೋದ ಧೂಳು, ಕಲ್ಲಿನ ಚೂರುಗಳನ್ನ ಭೂಮಿ ಪ್ರತಿ ಡಿಸೆಂಬರಲ್ಲೂ ಹಾದು ಹೋಗುತ್ತೆ. ಆ ಚೂರುಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ ಉರಿದು ಹೋಗ್ತವೆ. ಹೆಚ್ಚಿನ ಉಲ್ಕಾಪಾತಗಳು ಧೂಮಕೇತುವಿಂದ ಬರ್ತವೆ, ಇದು ಕ್ಷುದ್ರಗ್ರಹದಿಂದ. ಫೇತಾನ್ ಪತ್ತೆಯಾಗಿದ್ದೇ 1983ರಲ್ಲಿ. ಉಲ್ಕೆಗಳೆಲ್ಲ ಪುನರ್ವಸುವಿನ ಕಡೆಯಿಂದ ಬಂದ ಹಾಗೆ ಕಾಣುತ್ತೆ, ಆದರೆ ಆಕಾಶದ ಯಾವ ಮೂಲೆಯಲ್ಲಾದರೂ ಗೀರಬಹುದು. ಒಂದೇ ಕಡೆ ದಿಟ್ಟಿಸಬೇಡಿ, ಚಾಪೆ ಹಾಸಿ ಅಂಗಾತ ಮಲಗಿ.

ಗಂಟೆಗೆ 120ಕ್ಕೂ ಹೆಚ್ಚು ಅಂತ ನ್ಯೂಸಲ್ಲಿ ಬರುತ್ತೆ. ಅದು ಪೂರ್ತಿ ಕತ್ತಲು ಇದ್ದು, ಪುನರ್ವಸು ನೆತ್ತಿ ಮೇಲಿದ್ದಾಗಿನ ಲೆಕ್ಕ. ಹಾಸನ ಸಿಟಿ ಮಧ್ಯದಲ್ಲಿ ನಿಂತು 120 ಹುಡುಕಿದರೆ ಬೇಜಾರಾಗುತ್ತೆ. ಹಳ್ಳಿ ಮನೆಯ ಮಾಳಿಗೆ ಮೇಲೆ ಅದರಲ್ಲಿ ಮೂರನೇ ಒಂದು ಭಾಗ ಸಿಕ್ಕರೂ ಸಾಕು, ಎರಡು ನಿಮಿಷಕ್ಕೊಂದು ಅಂತ ಆಯ್ತಲ್ಲ!

ನಮ್ಮೂರಿನದೇ ಒಂದು ವಿಷಯ

ಸಂಜೆ ಏಳಕ್ಕೆ ತಲೆ ಎತ್ತಿದರೆ ನೆತ್ತಿಯಿಂದ ತುಸು ದಕ್ಷಿಣಕ್ಕೆ ಹಳದಿ ಬಣ್ಣದ, ಮಿನುಗದ ಒಂದು ಚುಕ್ಕಿ ಇದೆ. ಅದು ಶನಿ. ಅದರ ಉಂಗುರ ಈ ವರ್ಷ ಬಹುತೇಕ ಅಂಚು ಮಾತ್ರ ನಮ್ಮ ಕಡೆ ಮಾಡಿಕೊಂಡಿದೆ, ಟೆಲಿಸ್ಕೋಪ್ ಇದ್ದವರಿಗೂ ಸೂಜಿಯಷ್ಟು ತೆಳುವಾಗಿ ಕಾಣುತ್ತೆ. ನಾನು ಹೇಳಬೇಕು ಅಂದಿದ್ದು ಬೇರೆ. ಭೂಸ್ಥಿರ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ಇರ್ತವೆ. ಹಾಸನದಿಂದ ನೋಡಿದರೆ ಆ ಸಾಲು ಹಾದು ಹೋಗೋದು ಈಗ ಶನಿ ಸಾಗುತ್ತಿರೋ ದಾರಿಯ ಹತ್ತಿರದಲ್ಲೇ. ಆ ಸಾಲಿನಲ್ಲಿರೋ ನಮ್ಮ ದೇಶದ ಉಪಗ್ರಹಗಳನ್ನ ನೋಡಿಕೊಳ್ಳೋದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಇಸ್ರೋ ಅದನ್ನ ಇಲ್ಲಿ ಶುರು ಮಾಡಿತು. ಭೋಪಾಲಿನಲ್ಲಿ ಎರಡನೆಯದು ಬಂದಿದ್ದು 2005ರಲ್ಲಿ.

ಆ ಉಪಗ್ರಹಗಳು ಬರಿಗಣ್ಣಿಗೆ ಕಾಣಲ್ಲ. ಆದರೂ ಯೋಚನೆ ಮಾಡಿ. ಹಾಸನದವರು ಅಂದರೆ ಹಗಲೂ ರಾತ್ರಿ ಆಕಾಶದ ಕಡೆ ಡಿಶ್ ತಿರುಗಿಸಿ ಕೂತಿರೋ ಊರಿನವರು. ಆ ಊರಿನ ಇಂಜಿನಿಯರಿಂಗ್ ಸ್ಟೂಡೆಂಟ್‌ಗಳಿಗೆ ರೋಹಿಣಿ ಯಾವುದು ಅಂತ ತೋರಿಸೋಕೆ ಬರಲ್ಲ ಅಂದರೆ ಅದು ಸರೀನಾ?

ಬೆಳಗಿನ ಜಾವ ಏಳೋರಿಗೂ ಒಂದಿದೆ. 16ಕ್ಕೆ ಧನುರ್ಮಾಸ ಶುರು. ಪೂಜೆಗೆ ಅಂತ ಹೇಗೂ ಬೇಗ ಎದ್ದಿರ್ತೀರ. 5.45ರಿಂದ 6 ಗಂಟೆ ಒಳಗೆ ಪೂರ್ವ-ಆಗ್ನೇಯದಲ್ಲಿ ತೀರಾ ಕೆಳಗೆ ಬುಧ ಗ್ರಹ ಕಾಣುತ್ತೆ. 18ರ ಗುರುವಾರ ಬೆಳಗ್ಗೆ ಗೆರೆಯಂಥ ತೆಳು ಚಂದ್ರನೂ ಅದರ ಆಸುಪಾಸಿನಲ್ಲೇ ಇರ್ತಾನೆ. ಹುಗ್ಗಿ ಪ್ರಸಾದಕ್ಕೆ ಮೊದಲು ಎರಡು ನಿಮಿಷ ದೇವಸ್ಥಾನದ ಹೊರಗೆ ನಿಂತರೆ ಆಯ್ತು. ಶುಕ್ರ ಮಾತ್ರ ಈಗ ಸೂರ್ಯನ ಹಿಂದೆ ಇದೆ, ಹುಡುಕಬೇಡಿ.

ಎಲ್ಲಿ ನಿಂತು ನೋಡೋದು?

ಅರಕಲಗೂಡು ಕಡೆಯವರೇ ಅದೃಷ್ಟವಂತರು. ಹಾಸನದ ಬೆಳಕು ಅವರಿಗೆ ಉತ್ತರಕ್ಕೆ ಬೀಳುತ್ತೆ, ಅಗಸ್ತ್ಯ ಇರೋದು ದಕ್ಷಿಣಕ್ಕೆ. ಕೊಣನೂರು, ರಾಮನಾಥಪುರದ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್ ಹತ್ತಿರ ರಾತ್ರಿ ಕಾದವರಿಗೆ, ತ್ರೀ ಫೇಸ್ ಕರೆಂಟ್ ಬಂತು ಅಂತ ಅರ್ಧರಾತ್ರಿ ಮೋಟರ್ ಹಾಕೋಕೆ ಹೋಗೋ ನಮ್ಮ ಮಾವನಂಥವರಿಗೆ ಈ ಆಕಾಶ ಹೊಸದಲ್ಲ. ಆದರೆ ಆನೆ ಓಡಾಡೋ ಕಡೆ ದಯವಿಟ್ಟು ಹೊಲಕ್ಕೆ ಹೋಗಬೇಡಿ. ಮನೆ ಮಾಳಿಗೆ ಸಾಕು.

ಹೊಳೆನರಸೀಪುರದವರು ಅರ್ಧರಾತ್ರಿಗೆ ಮೊದಲೇ ನೋಡಿಕೊಳ್ಳಿ. ಹೇಮಾವತಿ ಪಕ್ಕದಲ್ಲೇ ಇರೋದರಿಂದ ಬೆಳಗಿನ ಜಾವ ಮಂಜು ಕವಿದರೆ ಏನೂ ಕಾಣಲ್ಲ. ಚನ್ನರಾಯಪಟ್ಟಣದವರಿಗೆ ಹೈವೇ ಲೈಟು ಒಂದು ಕಾಟ, ತೆಂಗಿನ ತೋಟ ಇನ್ನೊಂದು. ತೋಟದೊಳಗೆ ನಿಂತರೆ ಗರಿ ಬಿಟ್ಟು ಬೇರೇನೂ ಕಾಣಲ್ಲ. ಕೆರೆ ಏರಿಯಂಥ ಬಯಲು ಬೇಕು, ಒಬ್ಬರೇ ಹೋಗಬೇಡಿ. ಶ್ರವಣಬೆಳಗೊಳದ ಬೆಟ್ಟದ ಮೇಲಿಂದ ನೋಡೋಣ ಅನ್ನೋ ಆಸೆ ನನಗೂ ಇದೆ, ಆದರೆ ರಾತ್ರಿ ಬಿಡಲ್ಲ.

ಹಾಸನದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಟೆರೇಸೇ ಗತಿ. ಹೈಮಾಸ್ಟ್ ಲೈಟಿಗೆ ಬೆನ್ನು ಮಾಡಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಮಧ್ಯದಲ್ಲಿ ಒಂದು ಸಲ ವಾಟ್ಸಾಪ್ ನೋಡಿದರೆ ಮತ್ತೆ ಮೊದಲಿಂದ ಶುರು. ಸ್ವೆಟರ್ ಮರೀಬೇಡಿ, ಇಬ್ಬನಿ ಬೀಳುತ್ತೆ.

ಕತ್ತಲೆ ಕೇಳೋದು ತಪ್ಪಾ?

ಇಲ್ಲಿಂದ ನನ್ನ ತಕರಾರು ಶುರು. ನಾನು ಬೀದಿ ದೀಪ ಬೇಡ ಅಂತ ಹೇಳ್ತಿಲ್ಲ. ಸಂಜೆ ಲ್ಯಾಬ್ ಮುಗಿಸಿ ನಡೆದು ಬರೋ ಹುಡುಗಿಯಾಗಿ ಬೀದಿ ದೀಪದ ಬೆಲೆ ನನಗೆ ಗೊತ್ತು. ಹಾಸನಾಂಬೆ ದರ್ಶನದ ದಿನಗಳಲ್ಲಿ ಇಡೀ ಊರಿಗೆ ದೀಪಾಲಂಕಾರ ಮಾಡ್ತಾರೆ, ಅದು ಹಬ್ಬ, ನನಗೂ ಇಷ್ಟ. ನನ್ನ ಪ್ರಶ್ನೆ ಬೇರೆ. ರಸ್ತೆಗೆ ಅಂತ ಹಾಕಿದ ಲೈಟು ಆಕಾಶಕ್ಕೆ ಯಾಕೆ ಬೆಳಕು ಚೆಲ್ಲಬೇಕು? ಮೋಡದ ಕೆಳಗೆ ಯಾರಾದರೂ ನಡೀತಾರಾ?

ಹಳೆ ಹಳದಿ ಸೋಡಿಯಂ ಲೈಟಿನ ಜಾಗಕ್ಕೆ ಈಗ ಬಿಳಿ ಎಲ್‌ಇಡಿ ಬಂದಿದೆ. ಕರೆಂಟ್ ಉಳಿಯುತ್ತೆ, ಒಳ್ಳೆಯದೇ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಗಾಳಿಯಲ್ಲಿ ಬೆಳಕು ಚದುರೋದು ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ ಅಂತ ಫಿಸಿಕ್ಸಲ್ಲಿ ಓದಿದ್ದೀವಲ್ಲ, ಹಗಲು ಆಕಾಶ ನೀಲಿ ಆಗೋಕೂ ಅದೇ ಕಾರಣ. 450 ನ್ಯಾನೋಮೀಟರ್ ನೀಲಿಯನ್ನೂ 600 ನ್ಯಾನೋಮೀಟರ್ ಹಳದಿಯನ್ನೂ ಹೋಲಿಸಿ ಲೆಕ್ಕ ಹಾಕಿ: ನೀಲಿ ಮೂರು ಪಟ್ಟಿಗೂ ಹೆಚ್ಚು ಚದುರುತ್ತೆ. ಅಷ್ಟೂ ನಮ್ಮ ನಕ್ಷತ್ರಗಳ ಮೇಲೆ ಬಳಿದ ಸುಣ್ಣ.

ಪರಿಹಾರ ದೊಡ್ಡದೇನಲ್ಲ. ಲೈಟಿನ ಮೇಲೊಂದು ಮುಚ್ಚಳ, ಕೆಳಗೆ ಮಾತ್ರ ಬೆಳಕು. ಬಿಳಿ ಬದಲು ಬೆಚ್ಚಗಿನ ಹಳದಿ ಬಣ್ಣ. ಅಂಗಡಿ ಮುಚ್ಚಿದ ಮೇಲೆ ಬೋರ್ಡಿನ ಲೈಟ್ ಆಫ್. ಲಡಾಖಿನ ಹಾನ್ಲೆಯಲ್ಲಿ ಇದನ್ನ ಮಾಡಿ ತೋರಿಸಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋ ಜಾಗ ಅದು. ಅಲ್ಲಿನ ಟೆಲಿಸ್ಕೋಪನ್ನ ಹೊಸಕೋಟೆಯಿಂದಲೇ ಕಂಟ್ರೋಲ್ ಮಾಡ್ತಾರೆ. 2022ರಲ್ಲಿ ಆ ಪ್ರದೇಶವನ್ನ ಕತ್ತಲಾಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಹಳ್ಳಿಯವರು ಕಿಟಕಿಗೆ ಪರದೆ, ದೀಪಕ್ಕೆ ಮುಚ್ಚಳ ಹಾಕ್ತಾರೆ. ಹಳ್ಳಿ ಕತ್ತಲಲ್ಲಿ ಮುಳುಗಿಲ್ಲ, ಬೆಳಕು ಬೇಕಾದ ಕಡೆ ಮಾತ್ರ ಬೀಳುತ್ತೆ, ಅಷ್ಟೇ. ನಮ್ಮ ಕ್ಯಾಂಪಸ್ಸಿನ ಲೈಟುಗಳಿಗೆ ಅಂಥ ಮುಚ್ಚಳ ಡಿಸೈನ್ ಮಾಡೋದು ಮೆಕ್ಯಾನಿಕಲ್, ಇಲೆಕ್ಟ್ರಿಕಲ್‌ನವರಿಗೆ ಒಂದು ಮಿನಿ ಪ್ರಾಜೆಕ್ಟ್ ಕೂಡ ಆಗುತ್ತೆ, ನೋಡಿ.

ಇನ್ನೊಂದು ಬೀಗದ ವಿಷಯ. ನಾನಿರೋ ಹಾಸ್ಟೆಲಲ್ಲಿ ಟೆರೇಸ್ ಬಾಗಿಲಿಗೆ ರಾತ್ರಿ ಎಂಟಕ್ಕೆ ಬೀಗ ಬೀಳುತ್ತೆ. ಹುಡುಗರ ಹಾಸ್ಟೆಲಿನ ಟೆರೇಸ್ ಎಷ್ಟು ಹೊತ್ತಿಗೆ ಹೋದರೂ ತೆಗೆದೇ ಇರುತ್ತೆ ಅಂತ ಕ್ಲಾಸ್‌ಮೇಟ್‌ಗಳು ಹೇಳ್ತಾರೆ. ಕಾರಣ ಕೇಳಿದರೆ ಸುರಕ್ಷತೆ ಅಂತಾರೆ. ಅರ್ಥ ಆಗುತ್ತೆ. ಆದರೆ ನಾಲ್ಕು ಗೋಡೆ ಒಳಗಿನ, ಗೇಟಿಗೆ ಸೆಕ್ಯುರಿಟಿ ಇರೋ ಕಟ್ಟಡದ ಮಾಳಿಗೆಗೂ ನಾವು ಹೋಗಬಾರದು ಅಂದರೆ ನಮ್ಮ ಪಾಲಿಗೆ ರಾತ್ರಿ ಆಕಾಶ ಅನ್ನೋದೇ ಇಲ್ಲ. ಗುರು ಹುಟ್ಟೋದೇ ಎಂಟೂಕಾಲಕ್ಕೆ! ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಒಂದು ಸಲವೂ ಅರ್ಧರಾತ್ರಿಯ ಆಕಾಶ ನೋಡದೆ ಹೋಗೋದು ನನಗೆ ಬೇಡ. ನಮ್ಮ ಕೋರಿಕೆ ಚಿಕ್ಕದು: 13 ಮತ್ತು 14ರ ಎರಡು ರಾತ್ರಿ, ಹತ್ತರಿಂದ ಒಂದೂವರೆವರೆಗೆ, ಒಬ್ಬ ಮೇಡಂ ಜೊತೆಯಲ್ಲಿ, ಹೆಸರು ಬರೆದುಕೊಂಡು ಟೆರೇಸ್ ತೆಗೆಯಿರಿ. ಎಕ್ಸಾಂ ಹತ್ತಿರ ಇದೆ ಅಂತೀರಾ? ಅಷ್ಟು ಹೊತ್ತಿಗೆ ನಾವು ಹೇಗೂ ಎದ್ದೇ ಇರ್ತೀವಿ.

ನಂಬಿಕೆಯವರಿಗೂ, ನಂಬದವರಿಗೂ

ನಕ್ಷತ್ರ ಅಂದ ತಕ್ಷಣ ಕೆಲವರು ಜಾತಕ ತೆಗೀತಾರೆ, ಕೆಲವರು ಮೂಢನಂಬಿಕೆ ಅಂತ ಮುಖ ತಿರುಗಿಸ್ತಾರೆ. ಎರಡು ಗುಂಪಿನವರೂ ಮೇಲೆ ನೋಡಲ್ಲ ಅನ್ನೋದೇ ನನ್ನ ಬೇಜಾರು. 2019ರ ಡಿಸೆಂಬರ್ 26ರಂದು ಪಕ್ಕದ ಕೊಡಗಿನಲ್ಲಿ, ಮಂಗಳೂರಿನಲ್ಲಿ ಸೂರ್ಯ ಬಳೆಯ ಹಾಗೆ ಕಂಡ. ನಮ್ಮಲ್ಲೂ ಬಹುಪಾಲು ಮುಚ್ಚಿಹೋಗಿದ್ದ. ನಮ್ಮ ಬೀದಿಯಲ್ಲಿ ಮಾತ್ರ ಎಲ್ಲರ ಮನೆ ಬಾಗಿಲೂ ಹಾಕಿತ್ತು.

ಹಳಬರು ಹೀಗಿರಲಿಲ್ಲ. ನಮ್ಮ ಜಿಲ್ಲೆಯ ಹೊಯ್ಸಳ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ, ಸಂಕ್ರಮಣದ ದಿನ ದಾನ ಕೊಟ್ಟಿದ್ದು ಅಂತ ತಿಥಿ ಸಮೇತ ಬರೆದಿರ್ತಾರೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಶಾಸನಗಳಲ್ಲಿರೋ ಇಂಥ ಆಕಾಶದ ದಾಖಲೆಗಳನ್ನ ಹುಡುಕಿ, ಈಗಿನ ಗಣಿತದ ಜೊತೆ ಹೋಲಿಸಿದ್ದಾರೆ. ಮಡಿಕೇರಿಯಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು ಜಿ.ಟಿ. ನಾರಾಯಣ ರಾವ್ (1926–2008) ಖಗೋಳ ವಿಜ್ಞಾನವನ್ನ ಕನ್ನಡದಲ್ಲೇ ಪುಸ್ತಕ ಪುಸ್ತಕವಾಗಿ ಬರೆದರು. ಅಂದರೆ ಕನ್ನಡದಲ್ಲಿ ಆಕಾಶ ಓದೋಕೆ ಬೇಕಾದ್ದು ಇದೆ. ಓದುವವರು ನಾವು ಆಗಬೇಕು. ರೋಹಿಣಿ ನಿಮ್ಮ ಹಣೆಬರಹ ಬರೆಯುತ್ತೋ ಇಲ್ಲವೋ, ಆ ಜಗಳ ಆಮೇಲೆ ಆಡೋಣ. ಮೊದಲು ರೋಹಿಣಿ ಯಾವುದು ಅಂತ ಗುರುತು ಹಿಡಿಯೋಣ.

ಮೋಡ ಬಂದರೆ ಏನು ಮಾಡೋದು? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರಲ್ಲೂ ಮೋಡ ಬರುತ್ತೆ. ಉಲ್ಕೆ ತಪ್ಪಿಹೋಗಬಹುದು, ಮಳೆ ನಕ್ಷತ್ರಗಳು ತಪ್ಪಲ್ಲ. 19ಕ್ಕೆ ಅಮಾವಾಸ್ಯೆ, ಆ ವಾರಾಂತ್ಯ ಇನ್ನೂ ಕತ್ತಲು. ಜನವರಿಯಲ್ಲೂ ಇವೇ ನಕ್ಷತ್ರ ಇರ್ತವೆ, ಪ್ರತಿ ದಿನ ನಾಲ್ಕು ನಿಮಿಷ ಬೇಗ ಹುಟ್ಟುತ್ತಾ.

ಶನಿವಾರ ರಾತ್ರಿ ಐದು ಹೆಸರನ್ನ ಕೈ ಮೇಲೆ ಬರೆದುಕೊಳ್ಳಿ: ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು. ಎಷ್ಟು ಸಿಕ್ಕಿತು, ಎಷ್ಟು ಉಲ್ಕೆ ಎಣಿಸಿದಿರಿ, ಯಾವ ಊರಿಂದ ನೋಡಿದಿರಿ ಅಂತ ಕನ್ನಡ ಸಂಘಕ್ಕೆ ಎರಡು ಸಾಲು ಬರೆದು ಕಳಿಸಿ. ಹಾಸನದವರ ಲೆಕ್ಕವನ್ನೂ ಅರಕಲಗೂಡಿನವರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರೆ ನಮ್ಮ ಊರುಗಳಲ್ಲಿ ಇನ್ನೂ ಎಷ್ಟು ಕತ್ತಲೆ ಉಳಿದಿದೆ ಅಂತ ಗೊತ್ತಾಗುತ್ತೆ. ಆ ಲೆಕ್ಕ ಹಿಡ್ಕೊಂಡೇ ಮುಚ್ಚಳದ ಲೈಟ್ ಕೇಳೋಕೆ ಹೋಗೋಣ.